ಮನೆವಾರ್ತೆಯ ಮಾತು: ಬೆಂಕಿಯ ವಿದ್ಯೆಯೂ ಮನೆಯ ಹಣವೂ

ಪರೀಕ್ಷೆಗಳ ಫಲಿತಾಂಶ ಹೊರಬಿದ್ದು, ಮಕ್ಕಳ ಮುಂದಿನ ಓದಿನ ಪ್ರಸ್ತಾಪವು ಮನೆಮನೆಯಲ್ಲಿಯೂ ನಡೆಯತಕ್ಕ ಕಾಲವಿದು. ವೈದ್ಯವಿದ್ಯೆ ಕೈಗೆಟುಕಲಿಲ್ಲ, ಕಂಪ್ಯೂಟರ್ ವಿದ್ಯೆಯಲ್ಲಿ ಜನಸಂದಣಿ ಮಿತಿಮೀರಿದೆ, ಲೆಕ್ಕಪತ್ರದ ಕೆಲಸಕ್ಕೆ ಹುಡುಗನ ಮನಸ್ಸು ಒಗ್ಗದು ಎಂದು ತೋರಿದಾಗ, ಗೃಹಸ್ಥನ ದೃಷ್ಟಿಯು ಹೊಸ ಹೊಸ ಹೆಸರಿನ ವಿದ್ಯೆಗಳ ಕಡೆಗೆ ತಿರುಗುವುದು ಸ್ವಾಭಾವಿಕವೇ ಸರಿ. ಅಂತಹ ಹೆಸರುಗಳಲ್ಲಿ 'ಫೈರ್ ಅಂಡ್ ಸೇಫ್ಟಿ' ಎಂಬುದೊಂದು. ಬಸ್ಸು ನಿಲ್ದಾಣದ ಗೋಡೆಯ ಮೇಲೆ, ವಿದ್ಯುತ್ ಕಂಬದ ಮೇಲೆ, ಕೈಯಲ್ಲಿ ಹಿಡಿದ ದೂರವಾಣಿಯ ಪರದೆಯ ಮೇಲೆ ಅದರ ಜಾಹೀರಾತು ಕಾಣದ ಊರು ಈಗ ಅಪರೂಪ. ಆರು ತಿಂಗಳ ಓದು, ಒಂದು ವರ್ಷದ ಓದು, ಮುಗಿದೊಡನೆ ನೂರಕ್ಕೆ ನೂರು ಕೆಲಸ, ಗಲ್ಫ್ ದೇಶಗಳಲ್ಲಿ ಕೈತುಂಬ ಸಂಬಳ ಎಂದು ಅದರಲ್ಲಿ ಬರೆದಿರುತ್ತದೆ. ಇದನ್ನು ನಂಬಿ ಹೊಲದ ಮೇಲೆ ಸಾಲವೆತ್ತಿದವರೂ, ಮನೆಯಾಕೆಯ ಬಳೆಗಳನ್ನು ಒತ್ತೆಯಿಟ್ಟವರೂ ಇದ್ದಾರೆ. ಈ ವಿದ್ಯೆಯು ನಿಜವಾದ ವಿದ್ಯೆಯೆ? ಇದಕ್ಕೆ ಎಷ್ಟು ಹಣ ಹಾಕಬಹುದು? ಹಾಕಿದ ಹಣ ಮನೆಗೆ ಮರಳಿ ಬರುವುದೆ? ಈ ಸಾರಿ ಅದನ್ನು ವಿಚಾರಿಸೋಣ.

ಮೊದಲನೆಯದಾಗಿ, ವಿದ್ಯೆಯು ಸತ್ಯವಾದದ್ದೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮ್ಮಲ್ಲಿ ಹಳೆಯದು. ಬೆಂಕಿ ಬಿದ್ದ ಮೇಲೆ ನೀರು ಹೊಡೆಯುವುದು ಒಂದು ಕೆಲಸ. ಬೆಂಕಿ ಬೀಳದಂತೆ, ಬಿದ್ದರೂ ಹಬ್ಬದಂತೆ, ಹಬ್ಬಿದರೂ ಒಳಗಿದ್ದವರು ಹೊರಗೆ ಬರುವಷ್ಟು ಹೊತ್ತು ದಾರಿ ತೆರೆದಿರುವಂತೆ ಕಟ್ಟಡವನ್ನು ಮೊದಲೇ ಯೋಚಿಸಿ ಕಟ್ಟುವುದು ಇನ್ನೊಂದು ಕೆಲಸ. ಅಗ್ನಿಸುರಕ್ಷೆಯ ಎಂಜಿನಿಯರಿಂಗ್ ಎಂಬುದು ಈ ಎರಡನೆಯದು. ಯಾವ ವಸ್ತು ಎಷ್ಟು ಬೇಗ ಎಷ್ಟು ಶಾಖವನ್ನು ಬಿಡುತ್ತದೆ, ಹೊಗೆಯು ಮೆಟ್ಟಿಲ ಸಾಲನ್ನು ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆ, ಇಷ್ಟು ಜನ ಹೊರಬರಲು ಬಾಗಿಲು ಎಷ್ಟು ಅಗಲವಿರಬೇಕು, ಹತ್ತನೆಯ ಅಂತಸ್ತಿನ ಕೊಳಾಯಿಯಲ್ಲಿ ನೀರಿನ ಒತ್ತಡ ಎಷ್ಟಿರಬೇಕು, ಉಕ್ಕಿನ ಕಂಬ ಎಷ್ಟು ಹೊತ್ತು ಕಾದರೆ ಬಾಗುತ್ತದೆ, ಇವೆಲ್ಲವೂ ಲೆಕ್ಕ ಮಾಡತಕ್ಕ ವಿಷಯಗಳು. ಸಿನಿಮಾದಲ್ಲಿ ಒಂದು ಕಡೆ ಹೊಗೆಯೆದ್ದರೆ ಚಾವಣಿಯ ಎಲ್ಲಾ ಸ್ಪ್ರಿಂಕ್ಲರುಗಳಿಂದಲೂ ಒಮ್ಮೆಗೇ ಮಳೆ ಸುರಿಯುವುದನ್ನು ವಾಚಕರು ನೋಡಿರಬಹುದು. ಸಾಮಾನ್ಯವಾದ ಸ್ಪ್ರಿಂಕ್ಲರು ಹಾಗೆ ನಡೆಯುವುದಲ್ಲ. ಅದರ ಬಾಯಿಗೆ ದ್ರವ ತುಂಬಿದ ಸಣ್ಣದೊಂದು ಗಾಜಿನ ಗುಳಿಗೆಯನ್ನು ಸಿಕ್ಕಿಸಿರುತ್ತಾರೆ. ಸಾಧಾರಣ ಬಗೆಯದು ೬೮ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆದು, ಆ ಒಂದರಿಂದ ಮಾತ್ರ ನೀರು ಬೀಳುತ್ತದೆ. ಪಕ್ಕದ್ದಕ್ಕೆ ಶಾಖ ತಗಲದಿದ್ದರೆ ಅದು ಸುಮ್ಮನಿರುತ್ತದೆ. ಇಷ್ಟು ಸಣ್ಣ ಉಪಕರಣದ ಹಿಂದೆಯೂ ಇಷ್ಟು ಯೋಚನೆಯಿದೆ.

ಇಂತಹ ಯೋಚನೆ ಮಾಡತಕ್ಕವರು ನಮ್ಮ ದೇಶಕ್ಕೆ ಬೇಕೆಂಬುದರಲ್ಲಿ ಸಂದೇಹವಿಲ್ಲ. ೧೯೮೧ನೆಯ ಇಸವಿ ಫೆಬ್ರವರಿ ೭ರಂದು ಬೆಂಗಳೂರಿನಲ್ಲಿ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಮಂದಿ ಮಕ್ಕಳು. ೨೦೦೪ರ ಜುಲೈ ೧೬ರಂದು ಕುಂಭಕೋಣದ ಶಾಲೆಯಲ್ಲಿ ೯೪ ಮಕ್ಕಳು ಹೋದರು. ೨೦೧೦ರ ಫೆಬ್ರವರಿ ೨೩ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಅಲ್ಲಿ ಜ್ವಾಲೆಗಿಂತ ಹೊಗೆಯೇ ಕಂಟಕವಾಯಿತು, ಹೊಗೆಗೆ ತಾಳಲಾರದೆ ಕಿಟಕಿಯಿಂದ ಧುಮುಕಿದವರೂ ಉಳಿಯಲಿಲ್ಲ. ೨೦೧೯ರ ಮೇ ತಿಂಗಳಲ್ಲಿ ಸೂರತ್ ನಗರದ ಪಾಠದ ತರಗತಿಯೊಂದರಲ್ಲಿ ೨೨ ಮಂದಿ ಎಳೆಯರ ಪ್ರಾಣ ಹೋಯಿತು. ನೀರಿನ ಗಾಡಿ ತಡವಾಗಿ ಬಂತೆಂಬ ಮಾತು ಇಂತಹ ಎಲ್ಲಾ ಸಂದರ್ಭಗಳಲ್ಲಿಯೂ ಕೇಳಿಬರುತ್ತದೆ. ಆದರೆ ಕಟ್ಟಡ ಕಟ್ಟಿದಂದೇ ತಪ್ಪು ನಡೆದಿದ್ದರೆ, ಗಾಡಿ ಬೇಗ ಬಂದು ತಾನೇ ಎಷ್ಟನ್ನು ಉಳಿಸೀತು?

ಆದರೆ, ದೇಶಕ್ಕೆ ಬೇಕಾದ ವಿದ್ಯೆಯೆಲ್ಲವೂ ಕಲಿತವನಿಗೆ ಅನ್ನ ಹಾಕುತ್ತದೆಂದು ತಿಳಿಯಲಾಗದು. ಅಗತ್ಯ ಬೇರೆ, ಸಂಬಳ ಬೇರೆ. ಗೃಹಸ್ಥನು ಈ ಭೇದವನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಜಾಹೀರಾತುಗಳು ಈ ಎರಡನ್ನೂ ಬೆರೆಸಿಯೇ ಮಾತನಾಡುತ್ತವೆ: ದೇಶದಲ್ಲಿ ಇಷ್ಟು ಕಟ್ಟಡಗಳಿವೆ, ಇಷ್ಟು ಕಾರ್ಖಾನೆಗಳಿವೆ, ಆದಕಾರಣ ಇಷ್ಟು ಲಕ್ಷ ಕೆಲಸಗಳಿವೆ ಎಂದು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಕಾಯಿದೆಯು, ಯಾವ ನೇಮಕಾತಿಯ ಪ್ರಕಟನೆಯು, ಈ ಪದವಿಯ ಹೆಸರನ್ನು ಹಿಡಿದು ಕೇಳುತ್ತದೆ? ಹೆಸರು ಹಿಡಿದು ಕೇಳುವ ಕಡೆ ಪದವಿಗೆ ಬೆಲೆ. ಕೇಳದ ಕಡೆ ಅದು ಗೋಡೆಗೆ ತೂಗುಹಾಕುವ ಪಟ.

ಈ ಅಳತೆಯನ್ನು ಕೈಯಲ್ಲಿ ಹಿಡಿದು ಒಂದೊಂದು ಬಾಗಿಲನ್ನೂ ನೋಡೋಣ.

ಜನರ ಮನಸ್ಸಿಗೆ ಮೊದಲು ಬರುವುದು ಸರ್ಕಾರದ ಅಗ್ನಿಶಾಮಕ ದಳ. ನಮ್ಮ ರಾಜ್ಯದ ದಳವು ೧೯೬೪ರ ಕಾಯಿದೆಯ ಆಧಾರದ ಮೇಲೆ ನಡೆಯತಕ್ಕದ್ದು. ಇದರಲ್ಲಿ ಅಗ್ನಿಶಾಮಕನಾಗಿ ಸೇರಲು ಎಸ್.ಎಸ್.ಎಲ್.ಸಿ. ತೇರ್ಗಡೆಯೂ, ಗೊತ್ತಾದ ದೇಹದಾರ್ಢ್ಯವೂ ಇದ್ದರೆ ಸಾಕು. ಠಾಣಾಧಿಕಾರಿಯ ಹುದ್ದೆಗೆ ಪದವಿ ಬೇಕು, ನಿಜ. ಆದರೆ ಅದು ಅಗ್ನಿಶಾಮಕ ವಿಷಯದ ಪದವಿಯೇ ಆಗಿರಬೇಕೆಂದಿಲ್ಲ. ಆಯ್ಕೆಯಾದವರಿಗೆ ಕೆಲಸವನ್ನು ಇಲಾಖೆಯೇ ಕಲಿಸುತ್ತದೆ. ಬೆಂಗಳೂರಿನಲ್ಲಿ ಆರ್. ಎ. ಮುಂಡ್ಕೂರ್ ಅವರ ಹೆಸರಿನ ತರಬೇತಿಯ ಅಕಾಡೆಮಿ ಅದಕ್ಕಾಗಿಯೇ ಇದೆ. ಹಾಗಿರಲು, ದಳಕ್ಕೆ ಸೇರುವುದಷ್ಟೇ ಹುಡುಗನ ಆಸೆಯಾಗಿದ್ದರೆ, ಅದಕ್ಕಾಗಿ ಖಾಸಗಿ ಸಂಸ್ಥೆಯೊಂದಕ್ಕೆ ಮೊದಲೇ ಹಣ ಕಟ್ಟುವುದು ವ್ಯರ್ಥ. ಆ ಹಣದಲ್ಲಿ ಒಂದಂಶವನ್ನು ಹಾಲಿಗೂ ಮೊಟ್ಟೆಗೂ ಓಟದ ಬೂಟಿಗೂ ಖರ್ಚು ಮಾಡಿದರೆ ಹೆಚ್ಚು ಪ್ರಯೋಜನವುಂಟು.

ಎರಡನೆಯ ಬಾಗಿಲು ವಿಮಾನನಿಲ್ದಾಣಗಳದು. ಭಾರತ ವಿಮಾನನಿಲ್ದಾಣ ಪ್ರಾಧಿಕಾರವು ಅಗ್ನಿಸೇವೆಯ ಕಿರಿಯ ಅಧಿಕಾರಿಗಳನ್ನು ಆರಿಸಿಕೊಳ್ಳುವಾಗ ಅಗ್ನಿ ಎಂಜಿನಿಯರಿಂಗ್ ಪದವಿಯನ್ನು ಹೆಸರು ಹಿಡಿದೇ ಕೇಳಿದೆ. ಆದರೆ ಅದೇ ಸಾಲಿನಲ್ಲಿ ಮೆಕ್ಯಾನಿಕಲ್ ಮತ್ತು ಆಟೋಮೊಬೈಲ್ ಪದವೀಧರರಿಗೂ ಅವಕಾಶ ಕೊಟ್ಟಿದೆ. ಇದು ಬಹಳ ಬೋಧಪ್ರದವಾದ ಸಂಗತಿ. ಮೆಕ್ಯಾನಿಕಲ್ ಓದಿದವನು ಈ ಬಾಗಿಲಿನಿಂದಲೂ ಒಳಗೆ ಬರಬಲ್ಲನು, ಇನ್ನು ಹತ್ತು ಬಾಗಿಲುಗಳಿಂದಲೂ ಹೋಗಬಲ್ಲನು. ಅಗ್ನಿವಿದ್ಯೆ ಓದಿದವನಿಗೆ ಆ ಹತ್ತರಲ್ಲಿ ಕೆಲವು ಮುಚ್ಚಿರುತ್ತವೆ.

ಕೇಂದ್ರ ಕೈಗಾರಿಕಾ ಭದ್ರತಾ ದಳದಲ್ಲಿಯೂ ಅಗ್ನಿಶಾಖೆಯುಂಟು. ಅದರ ಕಾನ್‌ಸ್ಟೇಬಲ್ ಹುದ್ದೆಗೆ ವಿಜ್ಞಾನ ಓದಿದ ಪಿ.ಯು. ಸಾಕು.

ನಾಲ್ಕನೆಯದು ಕಾರ್ಖಾನೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜಾಹೀರಾತಿನವರು ಹೆಚ್ಚಾಗಿ ಹೇಳುವ 'ಸೇಫ್ಟಿ ಆಫೀಸರ್' ಎಂಬ ಹುದ್ದೆ ಇಲ್ಲಿಯದೇ. ೧೯೪೮ರ ಕಾರ್ಖಾನೆಗಳ ಕಾಯಿದೆಯು, ಸಾವಿರ ಮಂದಿಯೋ ಅದಕ್ಕಿಂತ ಹೆಚ್ಚೋ ದುಡಿಯುವ ಕಡೆ ಸುರಕ್ಷಾಧಿಕಾರಿಯನ್ನು ನೇಮಿಸಬೇಕೆಂದು ವಿಧಿಸಿತ್ತು. ೨೦೨೦ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಆ ಸಂಖ್ಯೆಯನ್ನು ೫೦೦ಕ್ಕೆ ಇಳಿಸಿ, ಅಪಾಯಕಾರಿ ಕೆಲಸ ನಡೆಯುವ ಕಾರ್ಖಾನೆಗೂ ಕಟ್ಟಡ ಕಟ್ಟುವ ಕಾಮಗಾರಿಗೂ ೨೫೦ ಎಂದು ಗೊತ್ತುಮಾಡಿತು. ಆದ್ದರಿಂದ ಈ ಹುದ್ದೆಗಳ ಸಂಖ್ಯೆ ಹೆಚ್ಚತಕ್ಕದ್ದೆಂದು ನಾವು ಒಪ್ಪುತ್ತೇವೆ. ಆದರೆ ಯಾರನ್ನು ನೇಮಿಸಬೇಕು? ಹಳೆಯ ಕಾಯಿದೆಯ ಕೆಳಗೆ ರಾಜ್ಯಗಳು ಮಾಡಿದ ನಿಯಮಗಳು ಸಾಮಾನ್ಯವಾಗಿ ಮೂರನ್ನು ಕೇಳುತ್ತಿದ್ದವು: ಎಂಜಿನಿಯರಿಂಗಿನ ಪದವಿಯೋ ಡಿಪ್ಲೊಮವೋ ಅಥವಾ ಭೌತ ಇಲ್ಲವೆ ರಸಾಯನಶಾಸ್ತ್ರದ ಪದವಿಯೋ ಇದ್ದು, ಅದರೊಡನೆ ಕಾರ್ಖಾನೆಯಲ್ಲಿ ಕೆಲವು ವರ್ಷ ಮೇಲ್ವಿಚಾರಣೆ ನಡೆಸಿದ ಅನುಭವವಿರಬೇಕು; ರಾಜ್ಯ ಸರ್ಕಾರವು ಮಾನ್ಯಮಾಡಿದ ಕೈಗಾರಿಕಾ ಸುರಕ್ಷೆಯ ಪದವಿಯೋ ಡಿಪ್ಲೊಮವೋ ಬೇಕು; ಮತ್ತು ಅಲ್ಲಿಯ ಕೆಲಸಗಾರರಲ್ಲಿ ಬಹುಸಂಖ್ಯೆಯವರು ಆಡುವ ಭಾಷೆ ಬರಬೇಕು. ಈ ಮೂರನೆಯದನ್ನು ಓದಿದಾಗ ನಮಗೆ ಸಂತೋಷವಾಯಿತು. ಎಚ್ಚರಿಕೆಯ ಮಾತು ಅರ್ಥವಾಗದ ಭಾಷೆಯಲ್ಲಿದ್ದರೆ ಅದು ಎಚ್ಚರಿಕೆಯಾಗುವುದಾದರೂ ಹೇಗೆ? ಅದು ಹಾಗಿರಲಿ. ಇಲ್ಲಿ ಗಮನಿಸತಕ್ಕದ್ದು 'ಮಾನ್ಯಮಾಡಿದ' ಎಂಬ ಮಾತನ್ನು. ಪಿ.ಯು. ಮುಗಿಸಿ ನೇರವಾಗಿ ಆರು ತಿಂಗಳ ಪ್ರಮಾಣಪತ್ರ ತಂದವನು ಈ ಹುದ್ದೆಗೆ ಅರ್ಹನೇ ಅಲ್ಲ. ಅವನಿಗೆ ದೊರೆಯುವುದು ಕಾಮಗಾರಿಯ ಸ್ಥಳದಲ್ಲಿ ತಲೆಗೆ ಟೋಪಿ ಹಾಕಿದಿರಾ, ಸೊಂಟಕ್ಕೆ ಪಟ್ಟಿ ಕಟ್ಟಿದಿರಾ ಎಂದು ನೋಡಿ ಬರೆದುಕೊಳ್ಳುವ ಕೆಲಸ. ಅದು ಹೀನವಾದ ಕೆಲಸವಲ್ಲ. ಆದರೆ ಅದಕ್ಕಾಗಿ ಲಕ್ಷಗಟ್ಟಲೆ ಹಣ ಸುರಿಯಬೇಕಾದ ಕಾರಣವಿಲ್ಲ.

ತೈಲ ಶುದ್ಧಿಯ ಕಾರ್ಖಾನೆಗಳು, ಅನಿಲದ ಉಗ್ರಾಣಗಳು, ದೊಡ್ಡ ಬಂದರುಗಳು, ಇವು ಪದವೀಧರನಿಗೆ ನಿಜವಾಗಿ ಬೆಲೆ ಕೊಡುವ ಸ್ಥಳಗಳು. ಅಲ್ಲಿ ಕಿಡಿಯೊಂದು ಬಿದ್ದರೆ ಹೋಗುವುದು ಕೋಟಿಗಳ ಲೆಕ್ಕದಲ್ಲಿ. ಆದಕಾರಣ ಸ್ವಂತ ಅಗ್ನಿಶಾಮಕ ವಿಭಾಗವನ್ನೇ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಓದಿದ ಅಧಿಕಾರಿಗಳನ್ನು ಹುಡುಕುತ್ತಾರೆ. ಎತ್ತರದ ಕಛೇರಿಗಳಿಗೂ ದೊಡ್ಡ ಆಸ್ಪತ್ರೆ ಹೋಟೆಲುಗಳಿಗೂ ಅರ್ಹನಾದ ಅಗ್ನಿ ಅಧಿಕಾರಿಯೊಬ್ಬನಿರಬೇಕೆಂದು ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವೂ ಹೇಳುತ್ತದೆ. ಇನ್ನು, ಕಟ್ಟಡಗಳಿಗೆ ಸ್ಪ್ರಿಂಕ್ಲರು, ಹೈಡ್ರಂಟು, ಹೊಗೆಯ ಸೂಚಕ ಮೊದಲಾದವುಗಳ ನಕ್ಷೆ ತಯಾರಿಸುವ ಸಲಹೆಗಾರರ ಕಛೇರಿಗಳೂ, ಅವುಗಳನ್ನು ಜೋಡಿಸುವ ಗುತ್ತಿಗೆದಾರರೂ ಬೆಂಗಳೂರಿನಂತಹ ನಗರಗಳಲ್ಲಿ ಇದ್ದಾರೆ. ಬೆಂಕಿಯ ವಿಮೆ ಮಾಡುವವರಿಗೂ ಅಪಾಯವನ್ನು ತೂಗಿ ನೋಡಬಲ್ಲವರು ಬೇಕು. ೨೦೦೭ರ ಜನವರಿಯಿಂದ ಬೆಂಕಿವಿಮೆಯ ದರವನ್ನು ಮೇಲಿನವರು ಗೊತ್ತುಮಾಡುವ ಪದ್ಧತಿ ಹೋದ ಮೇಲೆ, ಯಾವ ಕಟ್ಟಡಕ್ಕೆ ಎಷ್ಟು ಕಂತು ಹಾಕಬೇಕೆಂಬುದು ಕಂಪೆನಿಯ ಸ್ವಂತ ವಿವೇಚನೆಗೆ ಬಂದಿದೆ. ಶಾಂತವಾಗಿ ಮೇಜಿನ ಮುಂದೆ ಕುಳಿತು ಲೆಕ್ಕ ಮಾಡಬಲ್ಲ ಹುಡುಗನಿಗೂ ಹುಡುಗಿಗೂ ಇದು ಚೆನ್ನಾಗಿ ಹೊಂದುವ ಬಾಗಿಲು; ಜಾಹೀರಾತಿನವರು ಇದರ ಹೆಸರನ್ನೇ ಎತ್ತದಿರುವುದು ಆಶ್ಚರ್ಯ.

ಹಾಗಾದರೆ ನಿಜವಾದ ಪದವಿ ದೊರೆಯುವುದೆಲ್ಲಿ? ಮೊದಲು ಹೆಸರಿಸಬೇಕಾದದ್ದು ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು. ಕೇಂದ್ರದ ಗೃಹ ಮಂತ್ರಾಲಯಕ್ಕೆ ಸೇರಿದ ಇದು ೧೯೫೬ರಲ್ಲಿ ಉತ್ತರಪ್ರದೇಶದ ರಾಂಪುರದಲ್ಲಿ ಆರಂಭವಾಗಿ, ಮರುವರ್ಷ ನಾಗಪುರಕ್ಕೆ ಬಂತು. ನಾನಾ ರಾಜ್ಯಗಳ ದಳದ ಅಧಿಕಾರಿಗಳು ತರಬೇತಿಗೆ ಹೋಗುವುದು ಇಲ್ಲಿಗೇ. ಅವರ ಜೊತೆಗೆ, ಹೊರಗಿನ ವಿದ್ಯಾರ್ಥಿಗಳಿಗಾಗಿ ಅಗ್ನಿ ಎಂಜಿನಿಯರಿಂಗಿನ ನಾಲ್ಕು ವರ್ಷದ ಪದವಿಯೂ ಉಂಟು. ಸೇರುವವರ ಎತ್ತರ, ತೂಕ, ಎದೆಯ ಅಳತೆ, ಕಣ್ಣಿನ ಶಕ್ತಿ ಇವುಗಳನ್ನೂ ನೋಡುತ್ತಾರೆ. ಬಣ್ಣಗಳ ಭೇದ ತಿಳಿಯದ ಕಣ್ಣಿನ ದೋಷವಿದ್ದರೆ ಈ ದಾರಿಯ ಯೋಚನೆಯನ್ನು ಆರಂಭದಲ್ಲಿಯೇ ಬಿಡುವುದು ಒಳ್ಳೆಯದು. ಎರಡನೆಯದು ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯ. ಅಲ್ಲಿ ಸುರಕ್ಷೆಯನ್ನೂ ಅಗ್ನಿವಿದ್ಯೆಯನ್ನೂ ಕೂಡಿಸಿದ ಬಿ.ಟೆಕ್. ಪದವಿಯಿದೆ. ಇವೆರಡಲ್ಲದೆ ಖಾಸಗಿ ವಿಶ್ವವಿದ್ಯಾನಿಲಯಗಳು ಕೆಲವು ಇದೇ ಹೆಸರಿನ ಪದವಿಯನ್ನು ಕೊಡುತ್ತವೆ. ಅವುಗಳ ಶುಲ್ಕ ಹೆಚ್ಚು, ಹೆಸರು ಹೊಸದು.

ಪದವಿಯೆಂಬ ಮಾತನ್ನು ಯಾರು ಬೇಕಾದರೂ ಬಳಸಲಾಗದು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ ೧೯೫೬ರ ಕಾಯಿದೆಯಂತೆ, ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾನಿಲಯಗಳಿಗೂ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೂ ಮಾತ್ರ. ಬಾಡಿಗೆಯ ಮಹಡಿಯ ಮೇಲೆ ಎರಡು ಕೋಣೆ, ನಾಲ್ಕು ಕೆಂಪು ಸಿಲಿಂಡರು, ಗೋಡೆಯ ಮೇಲೆ ಸಮವಸ್ತ್ರ ತೊಟ್ಟವರ ಚಿತ್ರ, ಇಷ್ಟನ್ನಿಟ್ಟುಕೊಂಡು ನಡೆಸುವ ಸಂಸ್ಥೆಯು ಕೊಡುವುದು ಪ್ರಮಾಣಪತ್ರವನ್ನು. ಬಾಯಲ್ಲಿ ಮಾತ್ರ ಅದನ್ನು ಡಿಗ್ರಿ ಎನ್ನುತ್ತಾರೆ. 'ಐ.ಎಸ್.ಓ. ಮಾನ್ಯತೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವುದನ್ನು ಕಂಡು ಮೋಸಹೋಗಬಾರದು. ಅದು ಕಛೇರಿಯ ವ್ಯವಹಾರ ಕ್ರಮವಾಗಿ ನಡೆಯುತ್ತದೆಂಬುದಕ್ಕೆ ಕೊಡುವ ಪತ್ರ. ಬಿಸ್ಕತ್ತಿನ ಕಾರ್ಖಾನೆಗೂ ದೊರೆಯತಕ್ಕದ್ದು. ಪದವಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು ಸಂಗತಿ: ಸಂಸ್ಥೆ ಇರುವುದು ನಮ್ಮೂರಿನಲ್ಲಿ, ಪ್ರಮಾಣಪತ್ರ ಬರುವುದು ದೂರದ ಯಾವುದೋ ರಾಜ್ಯದ ವಿಶ್ವವಿದ್ಯಾನಿಲಯದಿಂದ ಎಂದರೆ, ಆ ವಿಶ್ವವಿದ್ಯಾನಿಲಯಕ್ಕೇ ಕಾಗದ ಬರೆದು ವಿಚಾರಿಸಬೇಕು. ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆಯೋಗವೇ ಪ್ರಕಟಿಸುತ್ತದೆ, ಅದನ್ನೂ ನೋಡಬೇಕು. ಹೆಣ್ಣು ಕೊಡುವಾಗ ಮೂರು ತಲೆಮಾರು ವಿಚಾರಿಸುವ ನಾವು, ಲಕ್ಷಗಟ್ಟಲೆ ಹಣ ಕೊಡುವಾಗ ಒಂದು ಕಾಗದ ಬರೆಯಲು ಸೋಮಾರಿತನ ಮಾಡುವುದೇಕೆ?

ಈಗ ಹಣದ ಮಾತು. ಶುಲ್ಕದ ಮೊತ್ತ ವರ್ಷವರ್ಷವೂ ಬದಲಾಗತಕ್ಕದ್ದು. ಆದ್ದರಿಂದ ಲೆಕ್ಕದ ಕ್ರಮವನ್ನು ಮಾತ್ರ ತೋರಿಸುತ್ತೇವೆ, ಅಂಕಿಗಳನ್ನು ಅವರವರು ಬದಲಾಯಿಸಿಕೊಳ್ಳಬಹುದು. ಶುಲ್ಕ, ವಸತಿ, ಊಟ, ಪುಸ್ತಕ, ಸಮವಸ್ತ್ರ, ವರ್ಷಕ್ಕೆ ಎರಡು ಸಾರಿ ಊರಿಗೆ ಬಂದುಹೋಗುವ ರೈಲಿನ ಖರ್ಚು, ಎಲ್ಲವೂ ಸೇರಿ ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ ಆರು ಲಕ್ಷ ರೂಪಾಯಿ ಆಯಿತೆನ್ನೋಣ. ಅಷ್ಟನ್ನೂ ಬ್ಯಾಂಕಿನಿಂದ ನೂರಕ್ಕೆ ೧೦ರ ಬಡ್ಡಿಗೆ ಪ್ರತಿ ವರ್ಷದ ಆರಂಭದಲ್ಲಿ ಸಾಲ ತಂದೆವೆನ್ನೋಣ. ಓದು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಾಗಿಲ್ಲವೆಂದು ಬ್ಯಾಂಕಿನವರು ಸಾಮಾನ್ಯವಾಗಿ ಹೇಳುವರು. ಅದನ್ನು ಕೇಳಿ ಮನೆಯವರು ನಿಶ್ಚಿಂತರಾಗುವರು. ಆದರೆ ಕಂತು ಮಲಗಿದರೂ ಬಡ್ಡಿ ಮಲಗುವುದಿಲ್ಲ. ಸರಳಬಡ್ಡಿಯ ಲೆಕ್ಕದಲ್ಲಿಯೇ ಆ ಐದು ವರ್ಷಕ್ಕೆ ೨,೧೦,೦೦೦ ರೂಪಾಯಿ ಬೆಳೆದು, ಕಂತು ಆರಂಭವಾಗುವ ದಿನ ಸಾಲವು ೮,೧೦,೦೦೦ ರೂಪಾಯಿಯಾಗಿರುತ್ತದೆ. ಅದನ್ನು ಏಳು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು ೧೩,೪೫೦ ರೂಪಾಯಿ. ಒಟ್ಟು ಕಟ್ಟುವುದು ಹನ್ನೊಂದು ಲಕ್ಷ ಮೂವತ್ತು ಸಾವಿರದ ಹತ್ತಿರ. ಆರು ಲಕ್ಷವೆಂದು ಕೈಹಾಕಿದ್ದು ಹೆಚ್ಚು ಕಡಿಮೆ ಎರಡರಷ್ಟಾಯಿತು!

ಹುಡುಗನ ಮೊದಲ ಸಂಬಳ ತಿಂಗಳಿಗೆ ೨೫,೦೦೦ ರೂಪಾಯಿಯಾದರೆ, ಅರ್ಧಕ್ಕಿಂತ ಹೆಚ್ಚು ಸಾಲಕ್ಕೇ ಹೋಯಿತು. ಉಳಿದುದರಲ್ಲಿ ಪರಸ್ಥಳದಲ್ಲಿ ಬಾಡಿಗೆ ಕೊಟ್ಟು ಊಟ ಮಾಡಿ ಮನೆಗೆ ಕಳುಹಿಸಲು ಏನು ಮಿಕ್ಕೀತು? ಓದುವ ಕಾಲದಲ್ಲಿಯೇ ಆಯಾ ವರ್ಷದ ಬಡ್ಡಿಯನ್ನು ಮನೆಯವರು ಕಟ್ಟುತ್ತ ಬಂದರೆ, ಅಂದರೆ ಮೊದಲ ವರ್ಷ ತಿಂಗಳಿಗೆ ೧,೨೫೦, ಎರಡನೆಯ ವರ್ಷ ೨,೫೦೦, ಹೀಗೆ ಏರುತ್ತ ಕೊನೆಗೆ ೫,೦೦೦ ರೂಪಾಯಿಯಂತೆ ಕಟ್ಟಿದರೆ, ಮುಂದಿನ ಕಂತು ೯,೯೬೦ಕ್ಕೆ ಇಳಿಯುತ್ತದೆ. ಒಟ್ಟಿನಲ್ಲಿ ೮೦,೦೦೦ ರೂಪಾಯಿಗೂ ಹೆಚ್ಚು ಉಳಿಯುತ್ತದೆ. ಹಾಲಿನ ಲೆಕ್ಕ, ದಿನಸಿಯ ಲೆಕ್ಕ ಬರೆದಿಡುವ ಗೃಹಿಣಿಯರಿಗೆ ಇದು ತಿಳಿಯದ ವಿಷಯವಲ್ಲ; ಬ್ಯಾಂಕಿಗೆ ಹೋಗುವಾಗ ಯಜಮಾನರು ಅವರನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಮೇಲು.

ಮೊದಲ ಸಂಬಳವೆಷ್ಟೆಂಬುದನ್ನು ತಿಳಿಯುವುದು ಹೇಗೆ? ಸಂಸ್ಥೆಯವರನ್ನು ಕೇಳಿದರೆ ಅತ್ಯಂತ ಹೆಚ್ಚು ಸಂಬಳ ಪಡೆದ ಒಬ್ಬನ ಹೆಸರು ಹೇಳುವರು. ಎರಡು ವರ್ಷದ ಹಿಂದೆ ಓದು ಮುಗಿಸಿದ ಮೂರು ನಾಲ್ಕು ಮಂದಿಯ ವಿಳಾಸ ಕೇಳಿಕೊಂಡು, ಅವರನ್ನೇ ಮಾತನಾಡಿಸಬೇಕು. ಅವರಲ್ಲಿ ಅತಿ ಕಡಿಮೆ ಸಂಬಳ ಪಡೆಯುವವನ ಅಂಕಿಯನ್ನು ನಮ್ಮ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿಳಾಸ ಕೊಡಲು ಹಿಂಜರಿದರೆ ಅದೂ ಒಂದು ಉತ್ತರವೇ. ಹೀಗೆ ತಿಳಿದ ಸಂಬಳದ ಒಂದು ವರ್ಷದ ಮೊತ್ತಕ್ಕಿಂತ ಹೆಚ್ಚು ಸಾಲವನ್ನು ಈ ವಿದ್ಯೆಗಾಗಿ ಮಾಡಬಾರದೆಂದು ನಮ್ಮ ಅಭಿಪ್ರಾಯ. ಇದು ಬಿಗಿಯಾದ ಅಳತೆಯೆಂದು ಕೆಲವರಿಗೆ ತೋರಬಹುದು. ಬಿಗಿಯಾಗಿಯೇ ಇರಲಿ. ಜಮೀನು ಒಮ್ಮೆ ಕೈಬಿಟ್ಟರೆ ಮರಳಿ ಬರುವುದಿಲ್ಲ.

ಹಾಗಿರಲು ನಮ್ಮ ಸಲಹೆಯೇನು? ನಾಗಪುರದಲ್ಲಿಯೋ ಕೊಚ್ಚಿಯಲ್ಲಿಯೋ ಅರ್ಹತೆಯ ಮೇಲೆ ಸ್ಥಳ ದೊರೆತು, ಹುಡುಗನಿಗೆ ಈ ಕೆಲಸದಲ್ಲಿ ನಿಜವಾದ ಆಸಕ್ತಿಯಿದ್ದರೆ, ಸಂಕೋಚವಿಲ್ಲದೆ ಕಳುಹಿಸಬಹುದು. ಅವು ದೊರೆಯದಿದ್ದರೆ, ಹೆಚ್ಚು ಶುಲ್ಕದ ಕಡೆ ಇದೇ ಹೆಸರಿನ ಪದವಿಯನ್ನು ಕೊಂಡುಕೊಳ್ಳುವುದಕ್ಕಿಂತ ಸುತ್ತಿನ ದಾರಿಯೇ ಕ್ಷೇಮ. ಹೇಗೆಂದರೆ: ಹತ್ತಿರದ ಒಳ್ಳೆಯ ಕಾಲೇಜಿನಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್ ಇವುಗಳಲ್ಲೊಂದನ್ನು ಓದಿ, ಒಂದೆರಡು ವರ್ಷ ಕಾರ್ಖಾನೆಯಲ್ಲಿ ದುಡಿದು, ಆಮೇಲೆ ಕೈಗಾರಿಕಾ ಸುರಕ್ಷೆಯ ಒಂದು ವರ್ಷದ ಉನ್ನತ ಡಿಪ್ಲೊಮ ಮಾಡುವುದು. ಮುಂಬಯಿಯ ಕೇಂದ್ರ ಕಾರ್ಮಿಕ ಸಂಸ್ಥೆ, ಚೆನ್ನೈ ಮೊದಲಾದ ಊರುಗಳ ಪ್ರಾದೇಶಿಕ ಕಾರ್ಮಿಕ ಸಂಸ್ಥೆಗಳು ಕೇಂದ್ರ ಸರ್ಕಾರದವು; ಅವು ಕೊಡುವ ಡಿಪ್ಲೊಮವನ್ನು ಕಾರ್ಖಾನೆಯವರು ಪ್ರಶ್ನಿಸುವುದಿಲ್ಲ. ಈ ದಾರಿಯಲ್ಲಿ ಒಂದು ಗುಣವಿದೆ. ಮೊದಲ ಪದವಿ ಕೈಯಲ್ಲಿರುವುದರಿಂದ, ಮುಂದೆ ಮನಸ್ಸು ಬದಲಾದರೂ ಹುಡುಗನು ದಾರಿಗಾಣದವನಾಗುವುದಿಲ್ಲ. ಹದಿನೆಂಟು ವರ್ಷದ ಹುಡುಗನ ಮನಸ್ಸು ಬದಲಾಗುವುದೇನೂ ಅಪರಾಧವಲ್ಲವಷ್ಟೆ.

ಕರಾವಳಿಯ ಮನೆಗಳಲ್ಲಿ ಗಲ್ಫಿನ ಮಾತು ಬರದೆ ಇರುವುದಿಲ್ಲ. ಮಂಗಳೂರು, ಉಡುಪಿ, ಭಟ್ಕಳಗಳಿಂದ ಹೋಗಿ ಅಲ್ಲಿಯ ತೈಲದ ಕಾರ್ಖಾನೆಗಳಲ್ಲಿಯೂ ಕಾಮಗಾರಿಗಳಲ್ಲಿಯೂ ಸುರಕ್ಷೆಯ ಕೆಲಸದಲ್ಲಿರುವವರುಂಟು. ಅಲ್ಲಿಯವರು ಹೆಚ್ಚಾಗಿ ಕೇಳುವುದು ನೆಬೋಷ್ ಎಂಬ ಬ್ರಿಟಿಷ್ ಪರೀಕ್ಷಾಮಂಡಲಿಯ ಪ್ರಮಾಣಪತ್ರವನ್ನು. ಆದರೆ ಅದರೊಡನೆ ಅನುಭವವನ್ನೂ ಕೇಳುತ್ತಾರೆ. ಅನುಭವವಿಲ್ಲದವನಿಗೆ ಆ ಪತ್ರವೊಂದೇ ವಿಮಾನದ ಚೀಟಿಯಾಗಲಾರದು. ಇಲ್ಲಿ ಮೂರು ನಾಲ್ಕು ವರ್ಷ ದುಡಿದು ಆಮೇಲೆ ಅದನ್ನು ಬರೆಯುವುದು ಜಾಣತನ. ಅಮೆರಿಕದ ವಿಷಯ ಬೇರೆ. ಅಲ್ಲಿ ಮೇರಿಲೆಂಡ್ ವಿಶ್ವವಿದ್ಯಾನಿಲಯವು ನಮ್ಮ ನಾಗಪುರದ ಕಾಲೇಜು ಹುಟ್ಟಿದ ೧೯೫೬ರಲ್ಲಿಯೇ ಈ ವಿದ್ಯೆಗೆ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಎಂಜಿನಿಯರಿಗೆ ಸರ್ಕಾರದ ಪರವಾನಗಿಯೂ, ಅದಕ್ಕೆ ಅಗ್ನಿಸುರಕ್ಷೆಯದೇ ಆದ ಪರೀಕ್ಷೆಯೂ ಇವೆ. ಆದ್ದರಿಂದ ಅಲ್ಲಿ ಪದವಿಗೆ ಕಾಯಿದೆಯ ಬೆಂಬಲವಿದೆ. ನಮ್ಮಲ್ಲಿ ವೈದ್ಯರಿಗೂ ವಕೀಲರಿಗೂ ಇರುವಂತಹ ದೇಶವ್ಯಾಪಿಯಾದ ಪರವಾನಗಿ ಎಂಜಿನಿಯರುಗಳಿಗೆ ಇಲ್ಲ. ಅದು ಬರುವ ತನಕ ಅಲ್ಲಿಯ ಸಂಬಳದ ಅಂಕಿಗಳನ್ನು ಇಲ್ಲಿಯ ಪದವಿಗೆ ಹೊಂದಿಸಿ ನೋಡುವುದು ತಪ್ಪಾಗುತ್ತದೆ.

ಹಣವಲ್ಲದ ಲೆಕ್ಕವೂ ಒಂದಿದೆ. ಮೇಜಿನ ಮುಂದೆ ಕೂರುವ ಕೆಲಸವನ್ನು ಬಿಟ್ಟರೆ, ಉಳಿದ ಕಡೆಗಳಲ್ಲಿ ಹಗಲು ಪಾಳಿ, ರಾತ್ರಿ ಪಾಳಿ ಎಂದು ಸರದಿಯಂತೆ ದುಡಿಯಬೇಕು. ಹಬ್ಬದ ದಿನ, ಅದರಲ್ಲಿಯೂ ದೀಪಾವಳಿಯ ದಿನ, ಬೇರೆಯವರ ಮನೆಯಲ್ಲಿ ಪಟಾಕಿ ಹಾರುವಾಗ ಇವರು ಠಾಣೆಯಲ್ಲಿರಬೇಕು. ಪ್ರಾಣಾಪಾಯದ ಮಾತನ್ನು ಮುಚ್ಚಿಡಲಾಗದು. ೧೯೪೪ರ ಏಪ್ರಿಲ್ ೧೪ರಂದು ಮುಂಬಯಿಯ ಹಡಗುಕಟ್ಟೆಯಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿದಾಗ, ಅದರ ಬೆಂಕಿಯನ್ನು ಆರಿಸುತ್ತಿದ್ದ ೬೬ ಮಂದಿ ಅಗ್ನಿಶಾಮಕರು ಮಡಿದರು; ಆ ದಿನವನ್ನೇ ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ.

ಹೆಣ್ಣುಮಕ್ಕಳನ್ನು ಈ ಓದಿಗೆ ಕಳುಹಿಸಬಹುದೆ ಎಂದು ಕೇಳುವವರಿಗೆ ಒಂದೇ ಮಾತು. ನಾಗಪುರದ ಕಾಲೇಜಿಗೆ ೨೦೦೨ರಲ್ಲಿ ಸೇರಿದ ಹರ್ಷಿಣಿ ಕಾನ್ಹೇಕರ್ ಅಲ್ಲಿ ಓದಿ ಮುಗಿಸಿದ ಮೊದಲ ಮಹಿಳೆ. ೨೦೦೬ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ಅಗ್ನಿಸೇವೆಗೆ ಸೇರಿದರು. ದಾರಿ ತೆರೆದು ಬಹಳ ವರ್ಷವಾಯಿತು.

ಏಪ್ರಿಲ್ ೧೪ರಿಂದ ೨೦ರ ವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆಗ ಠಾಣೆಯವರು ಸಾರ್ವಜನಿಕರಿಗೆ ತಮ್ಮ ಗಾಡಿಗಳನ್ನೂ ಏಣಿಗಳನ್ನೂ ತೋರಿಸಿ, ಉಪಯೋಗಿಸುವ ಬಗೆಯನ್ನು ಮಾಡಿ ತೋರಿಸುವುದುಂಟು. ಈ ಓದಿನ ಆಸೆಯಿರುವ ಹುಡುಗನನ್ನೋ ಹುಡುಗಿಯನ್ನೋ ಹಣ ಕಟ್ಟುವುದಕ್ಕೆ ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ, ಠಾಣಾಧಿಕಾರಿಗಳ ಮುಂದೆ ನಿಲ್ಲಿಸಿ, ಅವರು ಏನು ಓದಿ ಈ ಕೆಲಸಕ್ಕೆ ಬಂದರೆಂದು ಅವರಿಂದಲೇ ಕೇಳಿಸಬೇಕು. ಸಪ್ತಾಹ ಕಳೆದುಹೋಗಿದ್ದರೆ, ಬೇರೆ ದಿನ ಮುಂದಾಗಿ ಹೇಳಿ ಹೋದರೂ ಬೇಡವೆನ್ನಲಾರರು.